ಅಲ್ಲಾಸಾಬನ ಜೊಂಡಿಗ, ಖಾತುನಬಿಯ ಕೋಳಿ

ಗದಗ ಹೊಸ ಜಿಲ್ಲೆಯಾದಾಗ ಊರಿನಲ್ಲಿ ಎಲ್ಲರಿಗೂ ಏನಾದರೊಂದು ಸಿಕ್ಕಿತು. ಕೆಲವರಿಗೆ ಕಚೇರಿಯಲ್ಲಿ ಕುರ್ಚಿ ಸಿಕ್ಕಿತು, ಕೆಲವರ ಹಳೇ ಮನೆಗಳಿಗೆ ಸರ್ಕಾರಿ ಬಾಡಿಗೆ ಸಿಕ್ಕಿತು, ಏನೂ ಸಿಗದವರಿಗೆ ಇನ್ನು ಸಣ್ಣಪುಟ್ಟ ಕೆಲಸಕ್ಕೆಲ್ಲ ಧಾರವಾಡಕ್ಕೆ ಅಲೆಯುವುದು ತಪ್ಪಿತಲ್ಲ ಎಂಬ ನೆಮ್ಮದಿಯಾದರೂ ಸಿಕ್ಕಿತು. ಬೆಟಗೇರಿಯ ಖಾತುನಬಿಗೆ ಸಿಕ್ಕಿದ್ದು ಹೊಟ್ಟೆಕಿಚ್ಚು. ಅದೂ ಜಿರಳೆಗಳ ದೆಸೆಯಿಂದ.

ನಗುವವರು ನಗಲಿ. ಇಪ್ಪತ್ತು ವರ್ಷ ಒಂದೇ ಗಂಡನ ಜೊತೆ ಒಂದೇ ಒಲೆಯ ಮುಂದೆ ಕೂತ ಹೆಂಗಸಿಗೆ, ಆ ಗಂಡ ಒಂದು ದಿನ ಅವಳ ಮುಖ ಬಿಟ್ಟು ಡಬ್ಬಿಯೊಳಗಿನ ಜಿರಳೆಯ ಮುಖ ನೋಡುತ್ತ ಕೂತರೆ ಏನಾಗುತ್ತದೆಂದು ಅನುಭವಿಸಿದವರೇ ಹೇಳಬೇಕು. ಖಾತುನಬಿ ಅದನ್ನು ಅನುಭವಿಸಿದಳು, ಹೇಳಲು ಮಾತ್ರ ಯಾರೂ ಇರಲಿಲ್ಲ. ಇದ್ದೊಬ್ಬ ಮಗಳು ಫಿಜಾಳನ್ನು ಮುಂಡರಗಿಗೆ ಕೊಟ್ಟಾಗಿತ್ತು. ಮನೆಯಲ್ಲಿ ಉಳಿದದ್ದು ಗಂಡ, ಹೆಂಡತಿ, ಹಿತ್ತಲಲ್ಲಿ ಒಂದು ಹಿಂಡು ಜವಾರಿ ಕೋಳಿ.

ಕೋಳಿಗಳು ಖಾತುನಬಿಯವು. ಲಕ್ಷ್ಮೇಶ್ವರದ ತವರಿನಿಂದ ಬರುವಾಗ ಬುಟ್ಟಿಯಲ್ಲಿ ಎರಡು ಹೇಟೆ ತಂದಿದ್ದಳು. ಈಗಿನ ಹಿಂಡೆಲ್ಲ ಅವುಗಳ ಸಂತಾನವೇ ಎಂದು ಅವಳು ಓಣಿಯಲ್ಲಿ ಜಂಬ ಕೊಚ್ಚುತ್ತಿದ್ದಳು. ತತ್ತಿ ಬೇಕಾದವರು ಅವಳ ಮನೆಗೇ ಬರಬೇಕು, ಅವಳು ಹೇಳಿದಷ್ಟೇ ಒಯ್ಯಬೇಕು. ಮನೆಯಲ್ಲಿ ಅರ್ಧ ಉರ್ದು, ಅರ್ಧ ಕನ್ನಡ ನಡೆಯುತ್ತಿತ್ತು. ಪ್ರೀತಿ ಯಾವುದರಲ್ಲಿ ನಡೆಯುತ್ತಿತ್ತೋ ಗೊತ್ತಿಲ್ಲ, ಜಗಳ ಮಾತ್ರ ಕನ್ನಡದಲ್ಲೇ. ಬೈಯಲು ಅದೇ ಬಾಯಿತುಂಬ ಆಗುತ್ತದೆಂದು ಅವಳ ಅಭಿಪ್ರಾಯವಾಗಿತ್ತು.

ಗಂಡ ಅಲ್ಲಾಸಾಬ ಗದುಗಿನ ಒಂದು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರದ ಲ್ಯಾಬಿನ ಅಟೆಂಡರ್. ಬೀಗ ತೆಗೆಯುವುದು, ಗಾಜಿನ ತಟ್ಟೆ ತೊಳೆಯುವುದು, ಬಾಟಲಿಯಲ್ಲಿ ತೇಲುವ ಕಪ್ಪೆಗಳ ಮೇಲಿನ ಧೂಳು ಒರೆಸುವುದು, ಸಂಜೆ ಬೀಗ ಹಾಕುವುದು. ಸಂಜೆ ಮನೆಗೆ ಬಂದರೆ ಮಾತೂ ಅಷ್ಟೇ, ಹೂಂ ಅಥವಾ ಊಹೂಂ. ಖಾತುನಬಿಗೆ ಅದು ಬೇಸರವೇನೂ ಇರಲಿಲ್ಲ. ಮಾತಾಡದ ಗಂಡ ಎಲ್ಲರ ಹತ್ತಿರವೂ ಮಾತಾಡುವುದಿಲ್ಲ ಎಂಬುದೊಂದು ಸಮಾಧಾನ ಇತ್ತು.

ಆ ಸಮಾಧಾನ ಮುರಿದದ್ದು, ಜಿಲ್ಲೆಯಾದ ಅದೇ ವರ್ಷ, ಪ್ರಾಣಿಶಾಸ್ತ್ರ ಕಲಿಸಲು ಶ್ರೀಲಕ್ಷ್ಮೀ ಮೇಡಂ ಬಂದ ಮೇಲೆ. ಶಿರಹಟ್ಟಿ ಕಡೆಯವರು, ನಲವತ್ತರ ಆಸುಪಾಸು, ಲೂನಾ ಗಾಡಿ ಮೇಲೆ ಕಾಲೇಜಿಗೆ ಬರುತ್ತಿದ್ದರು. ಅವರಿಗೊಂದು ಅಧ್ಯಯನ ಮಾಡಬೇಕಿತ್ತು: ನಮ್ಮ ಈ ಬಿಸಿಲೂರಿನಲ್ಲಿ ಜಿರಳೆಯ ಮೊಟ್ಟೆ ಮರಿಯಾಗಲು ಎಷ್ಟು ಕಾಲ, ಆ ಮರಿ ರೆಕ್ಕೆ ಬಂದು ದೊಡ್ಡದಾಗಲು ಎಷ್ಟು ಕಾಲ ಎಂದು. ಲ್ಯಾಬಿನಲ್ಲಿ ಸಾಕಲು ಹೋದರೆ ರಜೆ ಬಂದಾಗ ನೀರು ಹಾಕುವವರಿಲ್ಲ, ಮೇಲಾಗಿ ಅಲ್ಲಿ ಫಿನಾಯಿಲ್ ವಾಸನೆಗೆ ಮೊದಲ ತಂಡವೆಲ್ಲ ಅಂಗಾತ ಬಿದ್ದಿತ್ತು. ಹಾಗಾಗಿ ಎರಡನೇ ತಂಡ ಒಂದು ದೊಡ್ಡ ಬಿಸ್ಕೀಟ ಡಬ್ಬಿಯಲ್ಲಿ ಕೂತು ಅಲ್ಲಾಸಾಬನ ಸೈಕಲ್ ಮೇಲೆ ಬೆಟಗೇರಿಗೆ ಬಂದಿತು.

"ಏನ್ರಿ ಇದು?" ಎಂದಳು ಖಾತುನಬಿ.

"ಜೊಂಡಿಗ."

"ಜೊಂಡಿಗ ಅಂತ ಕಣ್ಣಿಗೆ ಕಾಣತೈತಿ. ಮಂದಿ ಮನ್ಯಾಗಿಂದ ಹೊರಗ ಒಗೀತಾರ, ನೀವು ಡಬ್ಬಿ ತುಂಬಕೊಂಡ ಬಂದೀರಿ?"

"ಮೇಡಂ ಕೊಟ್ಟಾರ," ಎಂದ ಅಲ್ಲಾಸಾಬ. ಅದನ್ನು ಹೇಳುವಾಗ ಅವನ ಮುಖದಲ್ಲಿ ಒಂದು ಕಳೆ ಬಂತು. ಫಿಜಾ ಹುಟ್ಟಿದ ದಿನವೂ ಖಾತುನಬಿ ಆ ಕಳೆ ನೋಡಿರಲಿಲ್ಲ. ಅವತ್ತೇ ಅವಳ ಹೊಟ್ಟೆಯಲ್ಲಿ ಕೆಂಡ ಬಿತ್ತು.

ಡಬ್ಬಿ ಬಂದದ್ದಷ್ಟೇ ಆಗಿದ್ದರೆ ಸಹಿಸಬಹುದಿತ್ತು. ಅದು ಒಂದೊಂದಾಗಿ ಅವಳ ಸಾಮಾನು ಕೇಳತೊಡಗಿತು. ಜಿರಳೆಗಳು ಹತ್ತಿ ಹೊರಬರಬಾರದೆಂದು ಡಬ್ಬಿಯ ಅಂಚಿಗೆ ಸವರಲು ಅವಳ ಹಿಮ್ಮಡಿಯ ವ್ಯಾಸಲೀನು ಹೋಯಿತು. ಬಾಯಿಗೆ ಕಟ್ಟಲು ಸೊಳ್ಳೆ ಪರದೆಯ ತುಂಡು ಹೋಯಿತು. ಕೊನೆಗೆ ಅವಳು ಅಂಗಡಿಯ ಉಸ್ಮಾನಸಾಬನನ್ನು ಕಾಡಿ ಬೇಡಿ ತಂದಿದ್ದ ಎರಡು ರಟ್ಟಿನ ತತ್ತಿ ಟ್ರೇಗಳೂ ಹೋದವು. ಜಿರಳೆಗೆ ಅಡಗಿಕೊಳ್ಳಲು ಸಂದು ಬೇಕಂತೆ, ಆ ಟ್ರೇಯ ಗುಣಿಗಳೇ ಚೆನ್ನಾಗಿ ಒಗ್ಗುತ್ತವಂತೆ. ಖಾತುನಬಿಯ ತತ್ತಿಗಳು ಮತ್ತೆ ತೌಡಿನ ಬುಟ್ಟಿಗೆ ಮರಳಿದವು.

ಎಲ್ಲಕ್ಕಿಂತ ದೊಡ್ಡ ಅನ್ಯಾಯವೆಂದರೆ ಅಲ್ಲಾಸಾಬ ಮಾತಾಡಲು ಕಲಿತ. ಸಂಜೆ ಕಾಲು ತೊಳೆದು ಡಬ್ಬಿಯ ಮುಂದೆ ಕುಕ್ಕರಗಾಲಲ್ಲಿ ಕೂತನೆಂದರೆ ಬಾಯಿಗೆ ಬಿಡುವಿಲ್ಲ. "ಮೇಡಂ ಹೇಳಿದ್ರು, ಜೊಂಡಿಗ ನಿನ್ನ ಕೋಳಿಹಂಗ ಒಂದೊಂದ ತತ್ತಿ ಇಡೂದಿಲ್ಲಂತ. ಎರಡ ಸಾಲ ಮಾಡಿ ಒಂದು ಚೀಲದಾಗ ಜೋಡಸತೈತಂತ. ನೋಡ ಬಾ ಇಲ್ಲೆ, ಬಾಲದಾಗ ಹಿಡಕೊಂಡು ತಿರಗಾಕ ಹತ್ತೇತಿ." ಮತ್ತೊಂದು ದಿನ, "ಮೇಡಂ ಹೇಳಿದ್ರು, ಆ ಚೀಲಾನ ಸುಮ್ನ ಬೀಳಸೂದಿಲ್ಲಂತ..."

"ಮೇಡಂ" ಎಂದೊಡನೆ ಖಾತುನಬಿ ಪಾತ್ರೆ ಬಡಿಯಲು ಶುರು ಮಾಡುತ್ತಿದ್ದಳು. ಆ ಹೆಸರಿನ ಹಿಂದೆ ಬರುವ ಮಾತು ಚಿನ್ನದ್ದಾದರೂ ತನಗೆ ಬೇಡ ಎಂದು ಆಣೆ ಮಾಡಿಕೊಂಡಂತಿದ್ದಳು. ಹಾಗಾಗಿ ತಾಯಿ ಜಿರಳೆ ಆ ಚೀಲವನ್ನು ಎಲ್ಲಿ ಇಡುತ್ತದೆ, ಹೇಗೆ ಇಡುತ್ತದೆ, ಇಟ್ಟ ಮೇಲೆ ಏನು ಮಾಡುತ್ತದೆ ಎಂಬುದೊಂದೂ ಅವಳ ಕಿವಿಗೆ ಬೀಳಲಿಲ್ಲ. ಬಿದ್ದಿದ್ದರೆ ಈ ಕತೆ ಬೇರೆಯೇ ಆಗುತ್ತಿತ್ತು.

ಒಂದೇ ಒಂದು ಸಲ ಅವಳು ಉತ್ತರ ಕೊಟ್ಟಿದ್ದಳು. "ಮೇಡಂ ಹೇಳಿದ್ರು, ಒಮ್ಮೊಮ್ಮೆ ಗಂಡು ಇಲ್ಲದನೂ ಹೆಣ್ಣ ಜೊಂಡಿಗ ಮರಿ ಮಾಡತೈತಂತ," ಎಂದು ಅಲ್ಲಾಸಾಬ ಕಣ್ಣರಳಿಸಿ ಹೇಳಿದಾಗ.

"ಹಂಗಾದ್ರ ಅದು ನನಗಿಂತ ಶಾಣ್ಯಾ ಐತಿ ಬಿಡ್ರಿ," ಎಂದಳು.

ಅಲ್ಲಾಸಾಬ ನಕ್ಕ. ಮರುದಿನ ಆ ಮಾತನ್ನು ಒಯ್ದು ಮೇಡಂ ಮುಂದೆ ಹೇಳಿದನಂತೆ, ಮೇಡಂ ಕೂಡ ನಕ್ಕರಂತೆ. ತನ್ನ ಮನೆಯ ಮಾತಿಗೆ ಅವರಿಬ್ಬರೂ ಅಲ್ಲಿ ಕೂತು ನಕ್ಕರು ಎಂಬುದನ್ನು ನೆನೆದು ಖಾತುನಬಿಗೆ ಅವತ್ತು ಅನ್ನ ಸೇರಲಿಲ್ಲ.

ಎದುರು ಮನೆಯ ಹನಮಂತವ್ವ ತತ್ತಿಗೆ ಬಂದಾಗಲೆಲ್ಲ ಉಪ್ಪು ಖಾರ ಹಚ್ಚಿ ಕೇಳುತ್ತಿದ್ದಳು. "ಏನಬೇ ಖಾತುನಬಿ, ನಿನ್ನ ಗಂಡ ಈಗೀಗ ಅಂಗಿ ಇಸ್ತ್ರಿ ಮಾಡಕೊಂಡ ಹೋಗತಾನಲ್ಲ?"

"ಸಾಹೇಬರು ಬಂದಾರಂತ ಕಾಲೇಜಿಗೆ," ಎನ್ನುತ್ತಿದ್ದಳು ಖಾತುನಬಿ. ಒಳಗೆ ಬಂದು ಆ ಇಸ್ತ್ರಿ ಅಂಗಿಯನ್ನು ಮುದ್ದೆ ಮಾಡಿ ಗೂಟಕ್ಕೆ ಎಸೆಯುತ್ತಿದ್ದಳು.

ಇಷ್ಟಾದರೂ ಅವಳು ಡಬ್ಬಿಗೆ ಕೈ ಹಚ್ಚಿರಲಿಲ್ಲ. ಹಚ್ಚುವಂತೆ ಮಾಡಿದ್ದು ಬಿಂಕದಕಟ್ಟಿ.

ಬಿಂಕದಕಟ್ಟಿಯ ಪ್ರಾಣಿಸಂಗ್ರಹಾಲಯ ಗದುಗಿನಿಂದ ಕೂಗಳತೆ. ಲಗ್ನವಾಗಿ ಬಂದ ಹೊಸತರಲ್ಲಿ ಖಾತುನಬಿ ಒಮ್ಮೆ ಕರೆದೊಯ್ಯಿರೆಂದು ಕೇಳಿದ್ದಳು. ಫಿಜಾ ಹುಟ್ಟಿದ ಮೇಲೆ ಕೇಳಿದ್ದಳು, ಫಿಜಾಳ ಲಗ್ನವಾದ ಮೇಲೂ ಕೇಳಿದ್ದಳು. "ಜಿಂಕಿ ನೋಡಿ ಏನ ಮಾಡ್ತಿ?" ಎಂಬುದೇ ಉತ್ತರ. ಅಂಥ ಅಲ್ಲಾಸಾಬ ಒಂದು ದಿನ ಕಾಲೇಜಿನ ಹುಡುಗರ ಜೊತೆ, ಮೇಡಂ ಜೊತೆ, ಟೆಂಪೊ ಹತ್ತಿ ಬಿಂಕದಕಟ್ಟಿಗೆ ಹೋಗಿಬಂದ. ಬಂದವನು ಜಿಂಕೆಯ ಕಣ್ಣು ವರ್ಣಿಸಿದ, ನವಿಲು ಕುಣಿದದ್ದು ವರ್ಣಿಸಿದ. ಆಮೇಲೆ ಮಾಡಬಾರದ್ದೊಂದು ಮಾಡಿದ.

"ಮೇಡಂ ತಮ್ಮ ಬುತ್ತ್ಯಾಗಿಂದು ನನಗೂ ಕೊಟ್ರು. ಮಾದಲಿ ಮಾಡಕೊಂಡ ಬಂದಿದ್ರು. ಏನ್ ರುಚಿ ಅಂತಿ!"

ಖಾತುನಬಿ ಇಪ್ಪತ್ತು ವರ್ಷದಲ್ಲಿ ಎಷ್ಟು ಶೇಂಗಾ ಹೋಳಿಗೆ ಮಾಡಿದ್ದಳು, ಎಷ್ಟು ಈದಿಗೆ ಸುರಕುಂಬಾ ಪಾಯಸ ಕಾಯಿಸಿದ್ದಳು! ಆ ಮನುಷ್ಯ ತಿಂದು ಕೈ ತೊಳೆದದ್ದುಂಟೇ ಹೊರತು ರುಚಿ ಎಂಬ ಶಬ್ದ ಅವನ ಬಾಯಿಂದ ಹೊರಟದ್ದಿಲ್ಲ. ಬೇರೆ ಹೆಂಗಸಿನ ಒಂದು ಮುಷ್ಟಿ ಗೋಧಿ-ಬೆಲ್ಲದ ಮಾದಲಿಗೆ ಅದು ಹೊರಟಿತು. ಅವಳು ಎದ್ದು ಕೋಳಿ ಮುಚ್ಚಲು ಹಿತ್ತಲಿಗೆ ಹೋದಳು. ಅವಳು ಏನೂ ಅನ್ನದಿದ್ದಾಗಲೇ ಹೆದರಬೇಕು ಎಂಬುದು ಇಷ್ಟು ವರ್ಷದಲ್ಲಿ ಅಲ್ಲಾಸಾಬನಿಗೆ ತಿಳಿಯಬೇಕಿತ್ತು.

ಮರುದಿನ ಅವನು ಕಾಲೇಜಿಗೆ ಹೋದ ಮೇಲೆ ಖಾತುನಬಿ ಡಬ್ಬಿಯನ್ನು ಹಿತ್ತಲಿಗೆ ಒಯ್ದಳು. ಪರದೆ ಬಿಚ್ಚಿ, "ಬಾ ಬಾ ಬಾ," ಎಂದು ಕೋಳಿಗಳನ್ನು ಕರೆದು, ಡಬ್ಬಿಯನ್ನು ಬುಡಮೇಲು ಮಾಡಿ ಬಡಿದಳು. ಆಮೇಲೆ ನಡೆದದ್ದು ಹಬ್ಬ. ಕೆಂಪು ಜಿರಳೆಗಳು ದಿಕ್ಕಾಪಾಲಾಗಿ ಓಡಿದವು, ಕೋಳಿಗಳು ರೆಕ್ಕೆ ಬಿಚ್ಚಿ ಅಟ್ಟಿಸಿಕೊಂಡು ಹೋದವು. ಹುಂಜವಂತೂ ಹೇಟೆಗಳನ್ನು ಕರೆಯುವ ಮರ್ಯಾದೆ ಬಿಟ್ಟು ತಾನೇ ನುಂಗಿತು. ಬಾಲದಲ್ಲಿ ಚೀಲ ಹಿಡಿದಿದ್ದ ಒಂದು ದಪ್ಪ ಜಿರಳೆ ಓಡಲಾರದೆ ಕಲ್ಲಿನ ಸಂದಿಗೆ ನುಸುಳುತ್ತಿತ್ತು. ಖಾತುನಬಿ ಅದನ್ನು ಕಡ್ಡಿಯಿಂದ ಎಬ್ಬಿಸಿ ಕೋಳಿಯ ಮುಂದೆ ತಳ್ಳಿದಳು. ಆ ಒಂದನ್ನು ತಳ್ಳುವಾಗ ಕೈ ಒಮ್ಮೆ ಹಿಂಜರಿದದ್ದು ಸುಳ್ಳಲ್ಲ. ಆದರೆ ಮಾದಲಿ ನೆನಪಾಯಿತು.

ಡಬ್ಬಿ ತೊಳೆದು ಬೋರಲು ಹಾಕಿದಳು. ಟ್ರೇ ಎರಡನ್ನೂ ಗೋಡೆಗೆ ಬಡಿದು ನೋಡಿದಳು. ಗುಣಿಗಳ ಸಂದಿಯಲ್ಲಿ ಅಲ್ಲಲ್ಲಿ ಕಂದು ಬಣ್ಣದ ಗಟ್ಟಿ ಚೂರು ಅಂಟಿದ್ದವು, ಮೇಲೆ ರಟ್ಟಿನ ಪುಡಿ ಮೆತ್ತಿತ್ತು. ಹುಟ್ಟಿದಾಗಿನಿಂದ ಕೋಳಿ ಸಾಕಿದವಳಿಗೆ ತತ್ತಿ ಟ್ರೇಯಲ್ಲಿ ಒಣಗಿದ ಕೋಳಿಹಿಕ್ಕೆ ಹೊಸತೇ? ಉಗುರಿನಿಂದ ಒಂದೆರಡು ಕೆರೆದಳು, ಬರಲಿಲ್ಲ, ಬಿಟ್ಟಳು. ಟ್ರೇಗಳನ್ನು ಒಲೆಯ ಮೇಲಿನ ಗೋಡೆಗೂಡಿನಲ್ಲಿಟ್ಟು ತೌಡಿನ ಬುಟ್ಟಿಯ ತತ್ತಿಗಳನ್ನೆಲ್ಲ ಅದರಲ್ಲಿ ಜೋಡಿಸಿದಳು. ತನ್ನದು ತನಗೆ ಮರಳಿತೆಂದು ಮನಸ್ಸು ಹಗುರಾಯಿತು.

ಸಂಜೆ ಗಂಡ ಬಂದ. "ಬೆಕ್ಕ ಬಂದು ಡಬ್ಬಿ ಕೆಡವಿತ್ರಿ," ಎಂದಳು, ರೊಟ್ಟಿ ಬಡಿಯುತ್ತಲೇ. "ನಾ ಬರೂದ್ರಾಗ ಎಲ್ಲಾ ಓಡಿ ಹೋಗಿದ್ವು."

ಅಲ್ಲಾಸಾಬ ಹಿತ್ತಲಿಗೆ ಹೋಗಿ ಬಚ್ಚಲಗುಂಡಿಯ ಹತ್ತಿರ, ಸೌದೆಯ ಹಿಂದೆ, ಕಲ್ಲುಗಳ ಕೆಳಗೆಲ್ಲ ಹುಡುಕಿದ. ಆಮೇಲೆ ಬಂದು ಗೋಡೆಗೆ ಒರಗಿ ಕೂತ. ಮುಂದಿಟ್ಟ ತಟ್ಟೆಯನ್ನು ಮುಟ್ಟಲಿಲ್ಲ.

ತನ್ನ ತಾಯಿ ತೀರಿಹೋದ ದಿನ ಇದೇ ಮನುಷ್ಯ ಲಕ್ಷ್ಮೇಶ್ವರದಲ್ಲಿ ಹೊಟ್ಟೆತುಂಬ ಉಂಡದ್ದು ಖಾತುನಬಿಗೆ ನೆನಪಾಯಿತು. ಜಿರಳೆ ಇದ್ದಾಗ ಒಂದು ಪಾಲು ಉರಿದಿದ್ದವಳಿಗೆ ಜಿರಳೆ ಹೋದ ಮೇಲೆ ನಾಲ್ಕು ಪಾಲು ಉರಿಯಿತು.

ಡಬ್ಬಿ ಹೋದರೆ ಮೇಡಮ್ಮೂ ಹೋಗುತ್ತಾರೆಂದು ಅವಳ ಲೆಕ್ಕವಾಗಿತ್ತು. ಆದದ್ದು ತಿರುಗಾಮುರುಗಾ. ಅಲ್ಲಾಸಾಬ ಪ್ರಾಯಶ್ಚಿತ್ತಕ್ಕೆ ಬಿದ್ದವನಂತೆ ಬೆಳಿಗ್ಗೆ ಬೇಗ ಕಾಲೇಜಿಗೆ ಹೊರಟ, ಸಂಜೆ ತಡವಾಗಿ ಬಂದ, ತೊಳೆದ ಗಾಜನ್ನೇ ಮತ್ತೆ ತೊಳೆದು ಬಂದ. ಮನೆಯಲ್ಲಿ ಮತ್ತೆ ಹೂಂ, ಊಹೂಂ. ಮೇಡಂ ಬೈದರೇ ಎಂದು ಅವಳೇ ತಡೆಯಲಾರದೆ ಕೇಳಿದಳು.

"ಬೈಲಿಲ್ಲ. ಬೈದಿದ್ರ ಚಲೋ ಇತ್ತು," ಎಂದ.

ಹೀಗೆ ಒಂದು ತಿಂಗಳ ಮೇಲಾಯಿತು. ಒಂದು ಬೆಳಿಗ್ಗೆ ಹನಮಂತವ್ವ ತತ್ತಿಗೆ ಬಂದಳು. ಖಾತುನಬಿ ಗೋಡೆಗೂಡಿನಿಂದ ಟ್ರೇ ಇಳಿಸಿ ಒಂದು ತತ್ತಿ ಎತ್ತಿದಳು, ಎತ್ತಿದ ಕೈ ಅಲ್ಲೇ ನಿಂತಿತು. ಗುಣಿಯ ಸಂದಿನಲ್ಲಿದ್ದ ಆ ಕಂದು ಚೂರು ಒಂದು ಅಂಚಿನಗುಂಟ ಬಾಯಿ ತೆರೆದಿತ್ತು, ಹಳೇ ಕಾಲದ ಎಲೆಅಡಿಕೆ ಚೀಲದ ಬಾಯಿಯ ಹಾಗೆ. ಒಳಗಿನಿಂದ ಬೆಳ್ಳಗಿನ ಸಣ್ಣ ಸಣ್ಣ ಹುಳು, ಒಂದನ್ನೊಂದು ನೂಕುತ್ತ, ಸಾಲಾಗಿ ಎದ್ದುಬರುತ್ತಿದ್ದವು. ಕೊಬ್ಬರಿ ತುರಿಗೆ ಕಾಲು ಬಂದಂತಿತ್ತು.

"ಅಯ್ಯ, ಗೆದ್ದಲ ಹತ್ತೇತಿ ನಿನ್ನ ತತ್ತಿಗೆ!" ಎಂದಳು ಹನಮಂತವ್ವ.

"ಹೂಂ, ಗೆದ್ದಲ. ಆಮ್ಯಾಲ ಬಾ," ಎಂದು ಅವಳನ್ನು ಸಾಗಹಾಕಿ ಖಾತುನಬಿ ಬಾಗಿಲು ಮುಂದೆ ಮಾಡಿದಳು. ಅವುಗಳ ಉದ್ದ ಮೀಸೆ ನೋಡಿದ ಮೇಲೆ ಗೆದ್ದಲೆಂದು ಯಾರು ನಂಬುತ್ತಾರೆ? ಅವು ಗಂಡನ ಜಿರಳೆಗಳೇ. ತಾಯಂದಿರನ್ನೆಲ್ಲ ಕೋಳಿ ನುಂಗಿ ತಿಂಗಳ ಮೇಲಾದರೂ ಅವು ಬಚ್ಚಿಟ್ಟು ಹೋದದ್ದು ಅವಳ ಒಲೆಯ ಕಾವಿನಲ್ಲಿ, ಅವಳ ತತ್ತಿಗಳ ನಡುವೆಯೇ ಬೆಳೆದಿತ್ತು.

ಕಾಲಲ್ಲಿದ್ದ ಚಪ್ಪಲಿ ಕೈಗೆ ಬಂತು. ಒಂದು ಏಟಿನ ಕೆಲಸ. ಆದರೆ ಆಗ ಅವಳಿಗೊಂದು ಯೋಚನೆ ಹೊಳೆಯಿತು, ಹೊಟ್ಟೆಕಿಚ್ಚಿನವರಿಗೆ ಮಾತ್ರ ಹೊಳೆಯುವಂಥದ್ದು. ಗಂಡ ಯಾವುದಕ್ಕಾಗಿ ಅನ್ನ ಬಿಟ್ಟು ಕೂತಿದ್ದಾನೋ ಅದು ಈಗ ಮೇಡಂ ಹತ್ತಿರ ಇಲ್ಲ, ಕಾಲೇಜಿನಲ್ಲಿ ಇಲ್ಲ, ತನ್ನ ಹತ್ತಿರ ಇದೆ. ಅದು ಬೇಕಾದರೆ ಆ ಮನುಷ್ಯ ತನ್ನ ಹತ್ತಿರವೇ ಬರಬೇಕು.

ಚಪ್ಪಲಿ ಕೆಳಗಿಟ್ಟಳು. ಒಂದು ಮೊಸರಿನ ಗಡಿಗೆ ತಂದು, ಅಂಚಿಗೆ ಶೇಂಗಾ ಎಣ್ಣೆ ಸವರಿ, ಕೋಳಿಪುಕ್ಕದಿಂದ ಮರಿಗಳನ್ನು ಮೆಲ್ಲಗೆ ಗುಡಿಸಿ ಒಳಗೆ ಹಾಕಿ, ಹಳೇ ದುಪಟ್ಟಾದ ಬಟ್ಟೆ ತುಂಡು ಕಟ್ಟಿ, ಅಟ್ಟದ ಮೂಲೆಯಲ್ಲಿ ಬಚ್ಚಿಟ್ಟಳು. ಇನ್ನೂ ತೆರೆಯದ ಚೂರುಗಳಿದ್ದ ರಟ್ಟನ್ನು ಹರಿದು ಅದೇ ಗಡಿಗೆಗೆ ಹಾಕಿದಳು.

ಮಧ್ಯಾಹ್ನ ನೋಡಿದರೆ ಬೆಳ್ಳಗಿದ್ದವು ಕಂದಾಗಿದ್ದವು. ಸತ್ತವೇನೋ ಎಂದು ಗಡಿಗೆಯನ್ನು ಬೆಳಕಿಗೆ ಹಿಡಿದಳು. ಊದಿದಳು, ಓಡಿದವು. ರೊಟ್ಟಿಯ ಪುಡಿ ಹಾಕಿದಳು, ಒದ್ದೆ ಅರಳೆ ಇಟ್ಟಳು. ದಿನ ಹೋದಂತೆ ಇನ್ನೆರಡು ಚೀಲ ಬಾಯಿ ತೆರೆದವು. ಗಂಡ ಹೋದ ಮೇಲೆ ಅಟ್ಟ ಹತ್ತುವುದು ಅವಳಿಗೆ ರೂಢಿಯಾಯಿತು. ಪ್ರೀತಿಯೇ ಎಂದು ಕೇಳಿದರೆ ಅವಳು ಪೊರಕೆ ತೆಗೆದುಕೊಂಡಾಳು. ಆದರೂ ಒಂದು ದಿನ ಒಂದು ಮರಿ ಬೆನ್ನು ಸೀಳಿಕೊಂಡು ತನ್ನ ಚರ್ಮದಿಂದಲೇ ಹೊರಬಂದು ಮತ್ತೆ ಹಾಲಿನಂತೆ ಬೆಳ್ಳಗಾದಾಗ ಅವಳು ಒಲೆಯ ಮೇಲಿನ ಬೇಳೆ ಹೊತ್ತಿಸಿದ್ದು ನಿಜ.

ಆ ಬೆಳ್ಳಗಾದದ್ದು ರೋಗವೋ ಏನೋ ಎಂದು ಕೇಳಲು ಯಾರಿದ್ದಾರೆ? ಗೊತ್ತಿದ್ದವನು ಎದುರೇ ಕೂತು ಉಣ್ಣುತ್ತಿದ್ದ. "ಏನ್ರಿ," ಎಂದಳು, ಬಲು ಉದಾಸೀನದಿಂದ, "ಆ ನಿಮ್ಮ ಹುಳಾ ಸಣ್ಣವಿದ್ದಾಗ ಹೆಂಗ ಬೆಳೀತಿದ್ವು?"

ಅಲ್ಲಾಸಾಬ ತಲೆ ಎತ್ತಿದ. "ಯಾಕ?"

"ಸುಮ್ನ ಕೇಳಿದೆ."

"ಚರ್ಮಾ ಬಿಡತಾವ. ಬಿಟ್ಟಾಗ ಬೆಳ್ಳಗ ಆಗಿ, ಒಂದಷ್ಟ ಹೊತ್ತಿಗೆ ಮತ್ತ ಕಂದು ಆಗತಾವ. ಮೇಡಂ ಹೇಳಿದ್ರು..." ಎಂದು ಅವನು ಅಭ್ಯಾಸದಿಂದ ಪಾತ್ರೆಯ ಸದ್ದಿಗೆ ಕಾದ. ಸದ್ದು ಬರಲಿಲ್ಲ. ಕಹಿ ಔಷಧ ನುಂಗುವವಳಂತೆ ಖಾತುನಬಿ ಆ ಹೆಸರನ್ನು ನುಂಗಿ ಕೂತಿದ್ದಳು. ಅವನು ಮುಂದುವರಿಸಿದ. ತಾಯಿ ಜಿರಳೆ ಚೀಲವನ್ನು ಬಾಯಿಯ ಅಂಟಿನಿಂದ ಸಂದಿಗೆ ಮೆತ್ತಿ, ಮೇಲೆ ರಟ್ಟು ಅಗಿದ ಪುಡಿ ಹಚ್ಚಿ ಮುಚ್ಚಿಡುವುದನ್ನು ಹೇಳಿದ. ಅದನ್ನು ಈಗ ಕೇಳಿಸಿಕೊಂಡು ಅವಳಿಗೆ ಉಗುರಿನಿಂದ ಕೆರೆದದ್ದು ನೆನಪಾಯಿತು.

ಮುಂದಿನ ಭಾನುವಾರ ಬಾಗಿಲ ಮುಂದೆ ಲೂನಾ ಸದ್ದಾಯಿತು. ಅಲ್ಲಾಸಾಬ ಗಡಬಡಿಸಿ ಅಂಗಿ ಹಾಕಿಕೊಂಡ. ಖಾತುನಬಿ ಅಡುಗೆಮನೆಯ ಬಾಗಿಲ ಸಂದಿನಿಂದ ಶ್ರೀಲಕ್ಷ್ಮೀ ಮೇಡಂ ಅವರನ್ನು ಮೊದಲ ಸಲ ನೋಡಿದಳು. ಮುದುಕಿಯಾಗಿರಲಿ, ಕುರೂಪಿಯಾಗಿರಲಿ ಎಂದು ಎಷ್ಟು ಹರಕೆ ಹೊತ್ತಿದ್ದಳು! ಲಕ್ಷಣವಾಗಿದ್ದರು. ಮೇಲಾಗಿ ಹಾಸಿದ ಚಾಪೆಯ ಮೇಲೆ ಯಾವ ಬಿಗುಮಾನವೂ ಇಲ್ಲದೆ ಕೂತು, ಕೊಟ್ಟ ನೀರು ಕುಡಿದು, "ಮನಿ ಭಾಳ ಸ್ವಚ್ಛ ಇಟ್ಟೀರಿ ಅಕ್ಕಾರ," ಎಂದರು. ದ್ವೇಷಿಸಲು ಒಂದು ಕಾರಣವನ್ನೂ ಕೊಡದ ಹೆಂಗಸನ್ನು ಏನು ಮಾಡುವುದು? ಖಾತುನಬಿಗೆ ಅದಕ್ಕೂ ಸಿಟ್ಟು ಬಂತು.

"ಅಲ್ಲಾಸಾಬರ," ಎಂದರು ಮೇಡಂ, "ಧಾರವಾಡದ ಗೆಳತಿಗೆ ಹೇಳೇನಿ, ಹೊಸಾ ಜಿರಳಿ ಕಳಸತಾಳ. ಈ ಸಲ ಹುಚ್ಚೀರಪ್ಪನ ಮನ್ಯಾಗ ಇಡೂಣು. ಅವರ ಮನ್ಯಾಗ ಬೆಕ್ಕಿನ ಕಾಟ ಇಲ್ಲಂತ. ನಿಮಗ ಭಾಳ ತ್ರಾಸ ಆತು, ಮನಸಿಗೆ ಹಚಗೋಬ್ಯಾಡ್ರಿ."

ಹುಚ್ಚೀರಪ್ಪ ಪಕ್ಕದ ಲ್ಯಾಬಿನ ಅಟೆಂಡರ್. ಮೇಡಂ ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ಅಲ್ಲಾಸಾಬ "ಆತ್ರಿ," ಎಂದ. ಎಂದವನು ನೆಲ ನೋಡುತ್ತ, ಚಾಪೆಯ ಒಂದು ಎಳೆಯನ್ನು ಬೆರಳಿನಿಂದ ಒತ್ತುತ್ತ ಕೂತ.

ಖಾತುನಬಿ ಬಯಸಿದ್ದು ಇದನ್ನೇ. ವರ್ಷದಿಂದ ನಮಾಜಿನ ಹೊತ್ತಿಗೂ ಬಯಸಿದ್ದು ಇದನ್ನೇ. ಈಗ ಅದು ಕಣ್ಣೆದುರು ನಡೆದಾಗ ಅವಳಿಗೆ ತಡೆಯಲಾಗಲಿಲ್ಲ. ತಾನು ಇಪ್ಪತ್ತು ವರ್ಷ ಕೂಗಾಡಿದರೂ ಒಂದು ಕೂದಲು ಕೊಂಕದ ಈ ಮನುಷ್ಯನನ್ನು ಈ ಹೆಂಗಸು ಒಂದು ಮೆತ್ತನೆಯ ಮಾತಿನಿಂದ ಇಷ್ಟು ಸಣ್ಣವನನ್ನಾಗಿ ಮಾಡಬಲ್ಲಳೇ? ಅದೂ ಆ ಹುಚ್ಚೀರಪ್ಪನಿಗಾಗಿ? ಕರುಣೆಯೋ ಹೊಟ್ಟೆಕಿಚ್ಚೋ ಅವಳಿಗೇ ಗೊತ್ತಾಗಲಿಲ್ಲ, ಅಟ್ಟ ಹತ್ತಿ ಗಡಿಗೆ ಇಳಿಸಿ ತಂದು ಚಾಪೆಯ ನಡುವೆ ಇಟ್ಟಳು.

"ಹುಚ್ಚೀರಪ್ಪ ಯಾಕ್ರಿ? ಇವು ಅದಾವಲ್ಲ. ಇವರೇ ಸಾಕ್ಯಾರ. ದೊಡ್ಡವಾದ ಮ್ಯಾಲ ನಿಮಗ ತೋರಸೂಣು ಅಂತ ಹೇಳಿರಲಿಲ್ಲ."

ಮೇಡಂ ಗಡಿಗೆಯ ಬಾಯಿಬಟ್ಟೆ ಬಿಚ್ಚಿ ನೋಡಿ ಸಣ್ಣ ಹುಡುಗಿಯಂತೆ ಕೂಗಿದರು. "ಅಯ್ಯ ಅಲ್ಲಾಸಾಬರ! ಮರಿ! ಯಾವಾಗ ಹೊರಗ ಬಂದ್ವು? ಎಷ್ಟ ಸಲ ಚರ್ಮಾ ಬಿಟ್ಟಾವು?"

ಅಲ್ಲಾಸಾಬ ಗಡಿಗೆ ನೋಡಿದ. ಅಂಚಿನ ಎಣ್ಣೆ ನೋಡಿದ, ಹರಿದ ಟ್ರೇಯ ತುಂಡು ನೋಡಿದ, ಅಡುಗೆಮನೆಯ ತೆರೆದ ಬಾಗಿಲಾಚೆ ಗೋಡೆಗೂಡಿನಲ್ಲಿದ್ದ ಇನ್ನೊಂದು ಟ್ರೇ ನೋಡಿದ. ಬೆಕ್ಕು ಡಬ್ಬಿ ಕೆಡವಿದ್ದರೆ ಟ್ರೇ ಹೇಗೆ ಗೂಡಿಗೆ ಹೋಯಿತೆಂದು ಅವನು ಇಷ್ಟು ದಿನ ಕೇಳಿಕೊಂಡಿರಲಿಲ್ಲ. ಕೊನೆಗೆ ಹೆಂಡತಿಯ ಮುಖ ನೋಡಿದ. ಖಾತುನಬಿ ವರ್ಷದಿಂದ ಕಾದಿದ್ದ ನೋಟ ಅದು, ತುಂಬ ಹೊತ್ತು, ಬೇರೆ ಕಡೆ ಹೊರಳದೆ. ಎಲ್ಲ ತಿಳಿದುಕೊಂಡವನ ನೋಟ. ಅವಳಿಗೇ ಅದನ್ನು ತಾಳಲಾಗದೆ ಕಣ್ಣು ಕೆಳಗಾದವು.

"ನನಗ ಗೊತ್ತಿಲ್ಲರಿ ಮೇಡಂ," ಎಂದ ಅಲ್ಲಾಸಾಬ. "ಇಕೀನ ಸಾಕಿದಾಕಿ. ಇಕಿನ್ನ ಕೇಳ್ರಿ."

ಮೇಡಂ ಅವಳನ್ನು ಕೇಳಿದರು, ಅವಳು ಕಂಡಷ್ಟನ್ನು ತೊದಲುತ್ತ ಹೇಳಿದಳು. ಗಡಿಗೆ ಇಲ್ಲೇ ಇರಲಿ ಎಂದು ಹೇಳಿ, ಚಹಾ ಕುಡಿದು, ಖುಷಿಯಿಂದ ಮೇಡಂ ಹೋದರು. ಲೂನಾದ ಸದ್ದು ಓಣಿಯ ತಿರುವಿನಲ್ಲಿ ಕರಗಿತು. ಮನೆಯಲ್ಲಿ ಇಬ್ಬರೇ ಉಳಿದರು.

"ಬೆಕ್ಕ ಬಂದಿದ್ದಿಲ್ಲ," ಎಂದ ಅಲ್ಲಾಸಾಬ.

"ಇಲ್ಲ."

"ಕೋಳಿಗೆ ಹಾಕಿದಿ?"

"ಹೂಂ. ಹಾಕಿದೆ. ಆಕಿ ಹೆಸರು ಹೇಳೂವಾಗ ನಿಮ್ಮ ಮಾರಿಗೆ ಒಂದು ಕಳೆ ಬರತೈತಿ. ಇಪ್ಪತ್ತ ವರ್ಷ ಆತು ಲಗ್ನ ಆಗಿ, ನನ್ನ ಸಲುವಾಗಿ ಅದು ಒಂದ ದಿನ ಬರಲಿಲ್ಲ. ನನಗ ನೋಡಾಕ ಆಗಲಿಲ್ಲ, ಹಾಕಿದೆ. ಏನ ಮಾಡ್ತೀರಿ ಮಾಡ್ರಿ."

ಅಲ್ಲಾಸಾಬ ಬೈಯಲಿಲ್ಲ. ಗಡಿಗೆಯ ಬಾಯಿ ಕಟ್ಟಿದ. ಆಮೇಲೆ, "ಇಷ್ಟ ವರ್ಷ ಎಲ್ಲಾರೂ ನನಗ ಕೀಲಿ ತಗಿ, ಗ್ಲಾಸ ತೊಳಿ ಅಂದಾರ, ಖಾತೂ," ಎಂದ. "ಅಲ್ಲಾಸಾಬರ, ಇವತ್ತ ಏನ ನೋಡಿದ್ರಿ ಅಂತ ಕೇಳಿದಾಕಿ ಆಕಿ ಒಬ್ಬಾಕಿನ."

ಖಾತುನಬಿ ಚಹಾದ ಕಪ್ಪು ಎತ್ತಿಕೊಂಡಳು. ತಾನೂ ಕೇಳಿರಲಿಲ್ಲ ಎಂಬುದು ನಿಜ. ಆದರೆ ತಾನು ಕೇಳದೆ ಬಿಟ್ಟದ್ದನ್ನು ಬೇರೆಯವಳು ಕೇಳಿಬಿಟ್ಟಳಲ್ಲ ಎಂಬುದು ಆ ನಿಜಕ್ಕಿಂತ ಹೆಚ್ಚು ಚುಚ್ಚಿತು.

ಮರುದಿನದಿಂದ ಅಲ್ಲಾಸಾಬ ಮನೆಯಲ್ಲಿ ಮೇಡಮ್ಮನ ಹೆಸರೆತ್ತುವುದನ್ನು ಬಿಟ್ಟ. ಸಿಟ್ಟಿನಿಂದ ಬಿಟ್ಟದ್ದಲ್ಲ, ಹೆಂಡತಿಗೆ ನೋವಾಗಬಾರದೆಂದು ಬಿಟ್ಟದ್ದು. ಗಡಿಗೆಯ ಮುಂದೆ ಕೂತು ಮಾತಾಡುತ್ತಿದ್ದ, "ಇವಕ್ಕ ಈಗ ರೆಕ್ಕಿ ಬರೂದಿಲ್ಲ" ಎನ್ನುತ್ತಿದ್ದ, "ಥಂಡಿ ಬಿದ್ರ ಬೆಳಿಯೂದು ತಡಾ ಆಗತೈತಿ" ಎನ್ನುತ್ತಿದ್ದ. ಆದರೆ ಪ್ರತಿ ಮಾತಿನ ಮುಂದೆ ಒಂದು ಚೂರು ತಡೆದು, ಏನೋ ನುಂಗಿ, ಆಮೇಲೆ ಶುರು ಮಾಡುತ್ತಿದ್ದ. ಆ ತಡೆದ ಜಾಗದಲ್ಲೆಲ್ಲ ಖಾತುನಬಿಗೆ ಶ್ರೀಲಕ್ಷ್ಮೀ ಮೇಡಮ್ಮನ ಹೆಸರು ಕೇಳಿಸುತ್ತಿತ್ತು. ಮೊದಲು ಬಾಯಿಂದ ಬಂದು ಹೋಗುತ್ತಿದ್ದ ಹೆಸರು ಈಗ ಮನೆಯ ನಡುವೆಯೇ ಕೂತುಬಿಟ್ಟಿತು. ಗಂಡ ತನಗಾಗಿ ಅದನ್ನು ಬಾಯಲ್ಲೇ ಬಚ್ಚಿಟ್ಟುಕೊಂಡಿದ್ದಾನೆ ಎಂಬುದು ಅವನು ಹೇಳುತ್ತಿದ್ದಾಗಿನ ಉರಿಗಿಂತ ಹೆಚ್ಚು ಉರಿಸಿತು.

ಒಂದು ಸಂಜೆ ಅವನು ಮರಿಗಳಿಗೆ ರೊಟ್ಟಿಪುಡಿ ಹಾಕುತ್ತ, "ರೆಕ್ಕಿ ಬರೂದ್ರಾಗ ಇವು ಹತ್ತಕ್ಕಿಂತ ಹೆಚ್ಚ ಸಲ ಚರ್ಮಾ ಬಿಡತಾವ ಅಂತ..." ಎಂದು ನಿಲ್ಲಿಸಿದ.

"ಯಾರ ಹೇಳಿದ್ರು?" ಎಂದಳು ಖಾತುನಬಿ.

ಅಲ್ಲಾಸಾಬ ಕೈಗೆ ಅಂಟಿದ ರೊಟ್ಟಿಪುಡಿ ಕೊಡವಿದ.

"ಹೇಳ್ರಿ. ಮೇಡಂ ಹೇಳಿದ್ರು ಅಂತ ಬಾಯಿ ಬಿಟ್ಟ ಹೇಳ್ರಿ."

ಅವನು ಅವಳ ಮುಖ ನೋಡಿದ. "ಮೇಡಂ ಹೇಳಿದ್ರು," ಎಂದ ಮೆಲ್ಲಗೆ.

ಹೊಟ್ಟೆ ಉರಿಯಿತು. ಮೊದಲಿನಷ್ಟೇ, ಅದೇ ಜಾಗದಲ್ಲಿ ಉರಿಯಿತು. ಖಾತುನಬಿ ಕೂತಲ್ಲಿಂದ ಏಳಲಿಲ್ಲ.

"ಹೂಂ, ಮುಂದ?" ಎಂದಳು.